ಫೆಸಿಲಿಟೀಸ್ ಮುಖ್ಯಸ್ಥರಿಗೆ, ಸುಲ್ತಾನರ ಪರವಾಗಿ

ವಿಷಯ: ಕಂಪನಿಯ ಸ್ವತ್ತುಗಳನ್ನು ದಿಲ್ಲಿಗೂ ಅಲ್ಲಿಂದ ದೌಲತಾಬಾದಿಗೂ ಸಾಗಿಸಿದ ಬಗ್ಗೆ ಸಮಜಾಯಿಷಿ.

ಉಲ್ಲೇಖ: ಕೆಫೆಟೇರಿಯಾದ ಬಾಗಿಲಿಗೆ ಅಂಟಿಸಿರುವ ತಮ್ಮ ಸುತ್ತೋಲೆ.

ಮಾನ್ಯರೇ,

ತಮ್ಮ ಸುತ್ತೋಲೆಯನ್ನು ನಮ್ಮ ನಾಟಕ ತಂಡದ ಎಲ್ಲರೂ ಬಾಗಿಲ ಮುಂದೆ ನಿಂತು ಓದಿದೆವು. ಸಂಜೆ ಏಳರ ಮೇಲೆ ಕೆಫೆಟೇರಿಯಾದಲ್ಲಿ ‘ಅಧಿಕೃತವಲ್ಲದ ಉದ್ದೇಶಕ್ಕೆ’ ಬಳಕೆಯಾಗುತ್ತಿರುವ ವಸ್ತುಗಳ ಪಟ್ಟಿ ಅದರಲ್ಲಿದೆ. ರಿವಾಲ್ವಿಂಗ್ ಚೇರ್ ಒಂದು, ಗಾಲಿಯ ಮೇಲಿನ ವೈಟ್‌ಬೋರ್ಡ್ ಎರಡು, ಇಪ್ಪತ್ತು ಲೀಟರಿನ ಖಾಲಿ ನೀರಿನ ಕ್ಯಾನು, ಮಾರ್ಕರ್ ಪೆನ್ನುಗಳು, ಮಾಸ್ಕಿಂಗ್ ಟೇಪು, ರಟ್ಟಿನ ಪೆಟ್ಟಿಗೆಗಳು, ಜೊತೆಗೆ ಸಕ್ಕರೆ ಪೊಟ್ಟಣ ‘ಅಸಹಜ ಪ್ರಮಾಣದಲ್ಲಿ’. ಇಷ್ಟು ಚೊಕ್ಕಟವಾದ ರಂಗಪರಿಕರಗಳ ಪಟ್ಟಿಯನ್ನು ನಮ್ಮ ತಂಡದಲ್ಲಿ ಯಾರೂ ಈವರೆಗೆ ಮಾಡಿರಲಿಲ್ಲ. ಅದರ ಜೆರಾಕ್ಸ್ ತೆಗೆದು ನಮ್ಮ ಫೈಲಿಗೆ ಸೇರಿಸಿಕೊಂಡಿದ್ದೇವೆ. ಜೆರಾಕ್ಸ್ ಮೆಷಿನ್ನೂ ಕಂಪನಿಯದೇ. ಮುಂದಿನ ಸುತ್ತೋಲೆಗೆ ಅನುಕೂಲವಾಗಲೆಂದು ಈಗಲೇ ತಿಳಿಸುತ್ತಿದ್ದೇನೆ.

ಪಟ್ಟಿಯ ಬಗ್ಗೆ ನಮ್ಮ ತಕರಾರಿಲ್ಲ. ತಕರಾರು ಇರುವುದು ಕೊನೆಯ ಪ್ಯಾರಾದ ಮೇಲೆ. ಉದ್ಯೋಗಿಗಳು ಇನ್ನು ಮುಂದೆ ಇಂಥ ತೊಂದರೆ ತೆಗೆದುಕೊಳ್ಳಬೇಕಿಲ್ಲ, ರಾಜ್ಯೋತ್ಸವದ ನಾಟಕಕ್ಕೆ ಬೇಕಾದ ಸಿಂಹಾಸನ, ಕತ್ತಿ, ಕಿರೀಟ, ಎಲ್‌ಇಡಿ ಪರದೆ ಎಲ್ಲವನ್ನೂ ಈವೆಂಟ್ ಮ್ಯಾನೇಜ್‌ಮೆಂಟಿನವರೇ ಒದಗಿಸುತ್ತಾರೆ ಎಂದು ತಾವು ಔದಾರ್ಯ ತೋರಿದ್ದೀರಿ. ಬೈದಿದ್ದರೆ ಸುಮ್ಮನೆ ಕೇಳಿಸಿಕೊಂಡು ಮರುದಿನ ಮತ್ತೆ ಕುರ್ಚಿ ಎಳೆದುಕೊಳ್ಳುತ್ತಿದ್ದೆವು. ಕೊಡುತ್ತೇವೆ ಅಂದುಬಿಟ್ಟಿರಿ ನೋಡಿ, ಅದಕ್ಕೇ ಈ ಪತ್ರ.

ತಮಗೆ ಹಿನ್ನೆಲೆ ಗೊತ್ತಿರಲಿಕ್ಕಿಲ್ಲ. ರಾಜ್ಯೋತ್ಸವ ನಾಡಿಗೆಲ್ಲ ನವೆಂಬರ್ ಒಂದಕ್ಕೆ ಬರುತ್ತದೆ. ನಮ್ಮ ಕಂಪನಿಗೆ ಮಾತ್ರ ನವೆಂಬರಿನ ಯಾವುದಾದರೊಂದು ಶುಕ್ರವಾರ, ಕ್ಲೈಂಟ್ ಕಾಲ್ ಇಲ್ಲದ ಮಧ್ಯಾಹ್ನ ನೋಡಿಕೊಂಡು ಬರುತ್ತದೆ. ಈ ಸಲ ಫ್ಯಾಷನ್ ಶೋ ಮುಗಿದ ಮೇಲೆ, ಲಕ್ಕಿ ಡಿಪ್ಪಿಗೆ ಮುಂಚೆ, ನಲವತ್ತೈದು ನಿಮಿಷ ನಾಟಕಕ್ಕೆಂದು ಬಿಟ್ಟಿದ್ದಾರೆ. ಮೊದಲು ನಾವು ನೋಡಿಟ್ಟುಕೊಂಡಿದ್ದು ಕೈಲಾಸಂ ಅವರ ಒಂದು ಪ್ರಹಸನ. ಒಂದು ನಡುಮನೆ, ನಾಲ್ಕು ಕುರ್ಚಿ, ಯಾರಿಗೂ ತೊಂದರೆಯಿಲ್ಲ. ಅಷ್ಟರಲ್ಲಿ ಆಡಳಿತದವರ ಮೇಲ್ ಬಂತು. ಎಲೆಕ್ಟ್ರಾನಿಕ್ ಸಿಟಿಯ ಈ ಕಚೇರಿ ಇಡಿಯಾಗಿ ವೈಟ್‌ಫೀಲ್ಡಿಗೆ ಹೋಗುತ್ತದೆ, ಎಲ್ಲರೂ ಹೊರಡತಕ್ಕದ್ದು, ಇದು ಉದ್ಯೋಗಿಗಳ ಹಿತದೃಷ್ಟಿಯಿಂದಲೇ ಕೈಗೊಂಡ ನಿರ್ಧಾರ. ಮೇಲ್ ಓದಿ ಮುಗಿಸುವುದರೊಳಗೆ ನಾಟಕ ತಾನಾಗಿಯೇ ಬದಲಾಗಿತ್ತು. ಗಿರೀಶ ಕಾರ್ನಾಡರ ‘ತುಘಲಕ್’, 1964ರದ್ದು. ಇರುವುದು ಹದಿಮೂರು ದೃಶ್ಯ. ನಮ್ಮ ವೇಳೆಗೆ ಹೊಂದುವಷ್ಟನ್ನು ಆರಿಸಿಕೊಂಡೆವು.

ಮುಹಮ್ಮದ್ ಬಿನ್ ತುಘಲಕ್ 1327ರಲ್ಲಿ ರಾಜಧಾನಿಯನ್ನು ದಿಲ್ಲಿಯಿಂದ ದೇವಗಿರಿಗೆ ಸಾಗಿಸಿದ, ಅದಕ್ಕೆ ದೌಲತಾಬಾದ್ ಎಂದು ಹೆಸರಿಟ್ಟ. ಆ ದಾರಿ ನಲವತ್ತು ದಿನದ್ದೆಂದು ಇಬ್ನ್ ಬತೂತ ಬರೆದಿದ್ದಾನೆ. ನಮ್ಮದು ಅಷ್ಟಿಲ್ಲ, ಸಿಲ್ಕ್ ಬೋರ್ಡ್ ದಾಟಿದರೆ ಮುಗಿಯಿತು. ಈಗಂತೂ ಬೊಮ್ಮಸಂದ್ರದಿಂದ ಹಳದಿ ಮೆಟ್ರೊ ಇದೆ, ಕಾಡುಗೋಡಿಗೆ ನೇರಳೆ ಮೆಟ್ರೊ ಇದೆ. ನಡುವೆ ಹಸಿರಿನಲ್ಲಿ ಮೆಜೆಸ್ಟಿಕ್‌ಗೆ ಹೋಗಿ ಬಂದರಾಯಿತು. ಹಾಗೆ ನೋಡಿದರೆ 1978ರಲ್ಲಿ ಕಿಯೋನಿಕ್ಸ್‌ನವರು ಆರ್.ಕೆ. ಬಾಳಿಗರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಹೂಡಿದಾಗಲೂ ಊರಿನವರು ಅದನ್ನು ತುಘಲಕ್ ದರ್ಬಾರು ಎಂದೇ ಅಂದಿರಬೇಕು. ಬಾಳಿಗರ ಲೆಕ್ಕ ಸರಿಹೋಯಿತು. ಎಲ್ಲ ಸುಲ್ತಾನರ ಲೆಕ್ಕವೂ ಹಾಗೆ ಸರಿಹೋಗುವುದಿಲ್ಲ.

ಇರಲಿ, ವಿಷಯಕ್ಕೆ ಬರುತ್ತೇನೆ.

ಮೊದಲು ರಿವಾಲ್ವಿಂಗ್ ಚೇರ್. ಅದು ಸಿಂಹಾಸನ. ತಾವೇ ‘ರಿಪೇರಿಗೆ’ ಎಂದು ಚೀಟಿ ಹಚ್ಚಿ ಮೂರನೇ ಮಹಡಿಯ ಮೂಲೆಯಲ್ಲಿ ಬಿಟ್ಟಿದ್ದ ಕುರ್ಚಿ. ಎಡಗೈಯ ಆಸರೆ ಮುರಿದಿದೆ, ಎತ್ತರ ಹೊಂದಿಸುವ ಲಿವರ್ ಕೆಟ್ಟಿದೆ, ಕೂತವರು ಐದಾರು ನಿಮಿಷದಲ್ಲಿ ತಮಗೇ ಗೊತ್ತಾಗದ ಹಾಗೆ ತಳ ಸೇರುತ್ತಾರೆ. ಸುಲ್ತಾನನ ಪಾತ್ರಧಾರಿ ನಮ್ಮ ಡೇಟಾಬೇಸ್ ತಂಡದ ಹುಡುಗ. ಕಂಠ ಚೆನ್ನಾಗಿದೆ, ಕೈಕಾಲು ಎಲ್ಲಿಡಬೇಕೆಂಬುದೇ ತಿಳಿಯುತ್ತಿರಲಿಲ್ಲ. ಶುರುವಿನಲ್ಲಿ ಅವನು ದರ್ಬಾರಿನಲ್ಲಿ ಗುಡುಗಿದಾಗಲೆಲ್ಲ ಕುರ್ಚಿ ಹಿಂದಕ್ಕೆ ಓಡುತ್ತಿತ್ತು. ಅಮೀರರು ನಗುತ್ತಿದ್ದರು. ಆಮೇಲೆ ಅವನೇ ಒಂದು ಉಪಾಯ ಕಂಡುಕೊಂಡ. ಹಿಮ್ಮಡಿಯನ್ನು ನೆಲಕ್ಕೊತ್ತಿ, ತೊಡೆ ಬಿಗಿಹಿಡಿದು, ಬೆನ್ನು ಒರಗಿಸದೆ ತುದಿಯಲ್ಲಿ ಕೂರತೊಡಗಿದ. ಮಾತು ಜೇನಿನಂತೆ ಇಳಿಯುತ್ತಿದೆ, ಕಾಲು ಮಾತ್ರ ಕಟ್ಟಿಗೆಯಾಗಿದೆ. ಜಾರಿಬಿಡುತ್ತೇನೆಂಬ ದಿಗಿಲು ಮುಖದಲ್ಲಿ ಇನಿತೂ ಇಲ್ಲ, ಇರುವುದೆಲ್ಲ ಮೀನಖಂಡದಲ್ಲಿ. ಕುರ್ಚಿ ಇಳಿಯುತ್ತ ಹೋಗುವುದನ್ನೂ ಅವನು ಬಿಡಲಿಲ್ಲ. ಅಮೀರರೆಲ್ಲ ನಿಂತೇ ಇರುತ್ತಾರಲ್ಲ, ಮಾತು ಬೆಳೆದ ಹಾಗೆ ಸುಲ್ತಾನ ಅವರನ್ನು ಕತ್ತೆತ್ತಿ ನೋಡಬೇಕಾಗುತ್ತದೆ. ಕತ್ತೆತ್ತಬೇಕಾಗಿ ಬಂತೆಂಬ ಸಿಟ್ಟಿನಲ್ಲಿ ದನಿ ಇನ್ನಷ್ಟು ನಯವಾಗುತ್ತದೆ. ಸಿ.ಆರ್. ಸಿಂಹ ಅವರ ತುಘಲಕ್ಕನ್ನು ರಂಗದ ಮೇಲೆ ನೋಡಿದ ಹಿರಿಯರು ನಮ್ಮಲ್ಲೊಬ್ಬರಿದ್ದಾರೆ, ಹೊಸಬರನ್ನು ಹೊಗಳುವ ಪೈಕಿಯವರಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ‘ಇವನು ಕೂರೋದನ್ನ ಕಲಿತ’ ಅಂದರು. ನಿರ್ದೇಶಕನೆನಿಸಿಕೊಂಡ ನಾನು ಹೇಳಿಕೊಟ್ಟದ್ದಕ್ಕಿಂತ ತಮ್ಮ ಕೆಟ್ಟ ಲಿವರ್ ಹೇಳಿಕೊಟ್ಟದ್ದು ಹೆಚ್ಚು.

ಹೀಗಿರುವಾಗ ತಾವು ಕಳಿಸಿದ ಈವೆಂಟಿನವರು ಮಾದರಿಗೆಂದು ಒಂದು ಸಿಂಹಾಸನ ತಂದಿಳಿಸಿದರು. ಕಲ್ಯಾಣ ಮಂಟಪದ್ದು. ಕೆಂಪು ವೆಲ್ವೆಟ್ಟು, ಬಂಗಾರದ ಬಣ್ಣ ಬಳಿದ ಎರಡು ಸಿಂಹದ ತಲೆ. ಹುಡುಗ ಕೂತ. ಒರಗಿದ. ಕಾಲ ಮೇಲೆ ಕಾಲು ಬಂತು. ಮಲತಾಯಿಯ ಪಾತ್ರ ಮಾಡುವವಳು ಪಕ್ಕಕ್ಕೆ ಬಂದು ನಿಂತಳು ನೋಡಿ, ಆರತಕ್ಷತೆಯಲ್ಲಿ ಕವರ್ ಕೊಟ್ಟು ಫೋಟೋಗೆ ನಿಂತ ನೆಂಟರ ಹಾಗೆ ಇತ್ತು ಇಡೀ ದೃಶ್ಯ. ಅಷ್ಟು ದಿನ ಮೀನಖಂಡದಲ್ಲಿದ್ದ ಸುಲ್ತಾನ ಎಲ್ಲಿ ಹೋದನೋ ಗೊತ್ತಾಗಲಿಲ್ಲ. ನಾಟಕದ ಕೊನೆಯಲ್ಲಿ ಅವನು ಸಿಂಹಾಸನದಲ್ಲೇ ನಿದ್ದೆ ಹೋಗಬೇಕು. ಅದೊಂದನ್ನು ಮಾತ್ರ ಈ ಸಿಂಹಾಸನದಲ್ಲಿ ಬಹಳ ಸಹಜವಾಗಿ ಮಾಡಿದ, ಒಪ್ಪಿಕೊಳ್ಳುತ್ತೇನೆ.

ಎಲ್‌ಇಡಿ ಪರದೆಯದ್ದು ಇನ್ನೊಂದು ಕಥೆ. ಹಿನ್ನೆಲೆಗೆ ‘ಮೊಘಲ್ ಟೈಪ್’ ಎಂದು ಹೆಸರಿಟ್ಟು ಅವರು ಕಳಿಸಿದ ವಿಡಿಯೋದಲ್ಲಿ ತಾಜ್ ಮಹಲಿತ್ತು. ಮುಂದೆ ಕಾರಂಜಿ, ಮೇಲೆ ಪಾರಿವಾಳ. ತುಘಲಕ್ ಸತ್ತದ್ದು 1351ರಲ್ಲಿ. ತಾಜ್ ಮಹಲಿನ ಕೆಲಸ ಶುರುವಾದದ್ದು 1632ರಲ್ಲಿ. ಗಡುವಿಗೆ ಇನ್ನೂರೆಂಬತ್ತು ವರ್ಷ ಮುಂಚೆಯೇ ಕೆಲಸ ಒಪ್ಪಿಸಿದ ಕಂಟ್ರಾಕ್ಟರನ್ನು ನಮ್ಮ ಉದ್ಯಮದಲ್ಲಿ ನಾನು ಬೇರೆಲ್ಲೂ ಕಂಡಿಲ್ಲ. ಅವರಿಗೊಂದು ಪ್ರಶಸ್ತಿ ಪತ್ರ ಕೊಡಿಸಬೇಕೆಂದು ಶಿಫಾರಸು ಮಾಡುತ್ತೇನೆ. ಪರದೆ ಬೇಡ.

ಪರದೆ ನಮ್ಮಲ್ಲಿ ಇದ್ದೇ ಇದೆ. ಕೆಫೆಟೇರಿಯಾದ ಪ್ರೊಜೆಕ್ಟರಿನದ್ದು, ರಿಮೋಟ್ ಒತ್ತಿದರೆ ಗೊರಗೊರ ಅಂತ ಇಳಿಯುತ್ತದಲ್ಲ, ಅದು. ಇದಕ್ಕೆ ಸಾಕ್ಷಾತ್ ಕಾರ್ನಾಡರದೇ ಸಮ್ಮತಿಯಿದೆ ಎಂದರೆ ತಾವು ನಂಬಬೇಕು. ಹಳೆಯ ಪಾರ್ಸಿ ಕಂಪನಿಗಳ ಕಾಲದಲ್ಲಿ ಮುಂದೆ ಬೀದಿಯ ಚಿತ್ರವಿದ್ದ ಪರದೆ ಇಳಿಬಿಟ್ಟು ಇಕ್ಕಟ್ಟಿನಲ್ಲಿ ಹಾಸ್ಯದ ದೃಶ್ಯ ಆಡಿಸುತ್ತಿದ್ದರು. ಅಷ್ಟರಲ್ಲಿ ಹಿಂದೆ ಅರಮನೆ ಕಟ್ಟಿ ಮುಗಿಸುತ್ತಿದ್ದರು. ತುಘಲಕ್ಕಿನ ದೃಶ್ಯಗಳನ್ನು ಹೆಣೆಯುವಾಗ ತಮ್ಮ ತಲೆಯಲ್ಲಿದ್ದದ್ದು ಇದೇ ಕ್ರಮವೆಂದು ಕಾರ್ನಾಡರೇ ಹೇಳಿಕೊಂಡಿದ್ದಾರೆ. ಹಾಗಾಗಿ ಅಜೀಜ್ ಮತ್ತು ಆಜಮ್ ಎಂಬ ಇಬ್ಬರು ಕಳ್ಳರು ನಮ್ಮಲ್ಲಿ ಪ್ರೊಜೆಕ್ಟರ್ ಪರದೆಯ ಮುಂದೆ ಆಡುತ್ತಾರೆ. ಹಿಂದೆ ಹುಡುಗರು ವೈಟ್‌ಬೋರ್ಡ್‌ಗಳನ್ನು ಜೋಡಿಸಿ ಕೋಟೆ ಕಟ್ಟುತ್ತಾರೆ. ಪರದೆ ಏಳಲು ತೆಗೆದುಕೊಳ್ಳುವ ಹೊತ್ತು ಜಾಸ್ತಿಯಾದ್ದರಿಂದ ಕಳ್ಳರು ಒಂದೆರಡು ಮಾತು ಸ್ವಂತದ್ದು ಸೇರಿಸಿಕೊಂಡಿದ್ದರು. ಅದನ್ನು ನಿಲ್ಲಿಸಿದ್ದೇನೆ. ಕಾರ್ನಾಡರ ಮಾತಿಗೆ ಆಫೀಸಿನ ಜೋಕು ಸೇರಿಸುವುದಕ್ಕಿಂತ ಸುಮ್ಮನೆ ಆ ಗೊರಗೊರ ಕೇಳಿಸಿಕೊಳ್ಳುವುದು ಲೇಸು.

ಮಾರ್ಕರ್ ಪೆನ್ನುಗಳ ಬಗ್ಗೆ ಎಚ್‌ಆರ್‌ಗೂ ಯಾರೋ ದೂರು ಕೊಟ್ಟಿದ್ದಾರಂತೆ. ಶಿಹಾಬುದ್ದೀನನ ಪಾತ್ರಧಾರಿಯ ಬಿಳಿ ಅಂಗಿಯ ಮೇಲೆ ನೀಲಿ ಗೀರುಗಳು ಕಂಡವೆಂದು. ಸುಲ್ತಾನ ಅವನನ್ನು ಇರಿದು ಕೊಲ್ಲುವ ದೃಶ್ಯವಿದೆ, ಒಂದಲ್ಲ, ಮೈಮೇಲೆ ಬಂದವನಂತೆ ಮೇಲಿಂದ ಮೇಲೆ ಇರಿಯುತ್ತಾನೆ. ಮುಚ್ಚಳ ತೆಗೆದ ಮಾರ್ಕರ್ ಹಿಡಿದು ತಾಲೀಮು ಮಾಡಿದರೆ ಏಟು ಎಲ್ಲಿ ಬಿತ್ತು, ಎಲ್ಲಿ ತಪ್ಪಿತು, ಮೂರನೆಯದು ಯಾಕೆ ಹೊಟ್ಟೆ ಬಿಟ್ಟು ತೋಳಿಗೆ ಹೋಯಿತು ಎಲ್ಲ ಬರೆದಿಟ್ಟ ಹಾಗೆ ಅಂಗಿಯ ಮೇಲೆ ಇರುತ್ತದೆ. ಕತ್ತಿ ಹಿಡಿದು ಇದನ್ನು ಕಲಿಯಲಾಗದು, ಕಲಿತರೆ ಕಲಿಸಿದವನು ಉಳಿಯುವುದಿಲ್ಲ. ರಂಗದ ಮೇಲೆ ನಿಜವಾಗಿ ಚುಚ್ಚಕೂಡದು, ಕಡಿಯಕೂಡದು, ಹೊಡೆಯಕೂಡದು, ಸನ್ನೆಯಲ್ಲೇ ಮುಗಿಸಬೇಕು ಎಂದು ಭರತ ನಾಟ್ಯಶಾಸ್ತ್ರದಲ್ಲಿ ನಿಯಮ ಮಾಡಿಟ್ಟಿದ್ದಾನೆ. ಅವನು ಮಾಡಿದ್ದು ಅದೊಂದೇ ಅಲ್ಲ. ರಂಗಕ್ಕೆ ಬೇಕಾದ ವಸ್ತುಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ: ಚಾಪೆ, ಬಟ್ಟೆ, ತೊಗಲು ಜೋಡಿಸಿ ಮಾಡಿದ್ದು ಸಂಧಿಮ, ಯಂತ್ರದಿಂದ ಆಡುವುದು ವ್ಯಾಜಿಮ, ಸುತ್ತಿ ಮಾಡಿದ್ದು ವೇಷ್ಟಿಮ. ಭಾರದ ಒಡವೆ ತೊಟ್ಟ ನಟ ಬಳಲಿಹೋಗುತ್ತಾನೆ, ಆದ್ದರಿಂದ ಅರಗು ತುಂಬಿ ಹಗುರ ಮಾಡಿ ಎಂದೂ ಹೇಳುತ್ತಾನೆ. ಅರಮನೆ, ಬೆಟ್ಟ, ವಿಮಾನಗಳನ್ನು ಅಸಲಿಯಾಗಿ ತರಲಾಗುವುದಿಲ್ಲ, ತರಬೇಕಾಗಿಯೂ ಇಲ್ಲ. ನನ್ನ ಮಟ್ಟಿಗೆ ಭರತಮುನಿ ನಮ್ಮ ದೇಶದ ಮೊದಲ ಫೆಸಿಲಿಟೀಸ್ ಮುಖ್ಯಸ್ಥ. ಟ್ಯಾಗ್ ಹಚ್ಚಲಿಲ್ಲ, ಅಷ್ಟೇ.

ಅವನ ಸಂತತಿ ಎಲ್ಲ ಕಡೆ ಇದೆ. ಚೀನದ ಪೆಕಿಂಗ್ ಆಪೆರಾದವರು ಒಂದು ಮೇಜು, ಎರಡು ಕುರ್ಚಿಯಲ್ಲಿ ದರ್ಬಾರು, ಬೆಟ್ಟ, ಹಾಸಿಗೆಮನೆ ಎಲ್ಲವನ್ನೂ ತೋರಿಸುತ್ತಾರೆ. ನಮ್ಮ ಕರಾವಳಿಯಲ್ಲಿ ಕುರ್ಚಿಯೂ ದುಂದು. ಯಕ್ಷಗಾನದ ರಂಗದಲ್ಲಿರುವುದು ‘ರಥ’ ಎಂದು ಕರೆಯುವ ಒಂದು ಮರದ ಪೀಠ. ದೇವೇಂದ್ರ ಅದರ ಮೇಲೇ ಕೂರುತ್ತಾನೆ, ಕೌರವನೂ ಅದರ ಮೇಲೇ ಕೂರುತ್ತಾನೆ, ಬೆಳಗಾದ ಮೇಲೆ ಮೇಳದ ಲಾರಿಗೆ ಹೇರಲು ಇಬ್ಬರು ಸಾಕು. 1972ರಲ್ಲಿ ಬಿ.ವಿ. ಕಾರಂತರು ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ಮೂರನ್ನೂ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿಗೆ ತಂದರು. ಒಳಗೆ ಸರ್ಕಾರದ ಪರದೆ, ಸರ್ಕಾರದ ದೀಪ ಎಲ್ಲ ಇತ್ತು. ಹೊರಗೆ ಹೋದರು. ಕನ್ನಡ ರಂಗಭೂಮಿಯ ದಿಕ್ಕು ಬದಲಿಸಿದ ಉತ್ಸವವೆಂದು ಅದನ್ನು ಈಗಲೂ ನೆನೆಯುತ್ತಾರೆ. ಒಳಗಿದ್ದ ಪರದೆಯನ್ನು ನೆನೆಯುವವರು ನನಗೆ ಸಿಕ್ಕಿಲ್ಲ.

ಇಷ್ಟು ಹೊತ್ತೂ ನಾನು ಹಗುರದ ಪರ ವಾದಿಸಿದೆ. ಪೀಣ್ಯದಲ್ಲಿ ನನಗೆ ಉಲ್ಟಾ ಹೊಡೆಯಿತು, ಅದನ್ನೂ ಹೇಳುತ್ತೇನೆ. ಕೋಟೆಯ ದೃಶ್ಯದಲ್ಲಿ ಕಾವಲುಗಾರರು ಎತ್ತರದಲ್ಲಿ ನಿಲ್ಲಬೇಕು, ಅದಕ್ಕೆ ಕಬ್ಬಿಣದ ಒಂದು ಲೆವೆಲ್ ಮಾಡಿಸಲು ಪೀಣ್ಯದ ಒಂದು ಫ್ಯಾಬ್ರಿಕೇಷನ್ ಶೆಡ್ಡಿಗೆ ಹೋಗಿದ್ದೆವು. ಶಿಫ್ಟ್ ಮುಗಿದಿತ್ತು. ಶೆಡ್ಡಿನೊಳಗೆ ಹಾರ್ಮೋನಿಯಂ ಕೇಳಿಸಿತು. ಲೇತ್‌ಗಳನ್ನು ಟಾರ್ಪಾಲ್ ಹೊದಿಸಿ ಗೋಡೆಗೆ ಸರಿಸಿದ ಜಾಗದಲ್ಲಿ ಹತ್ತು ಹನ್ನೆರಡು ಮಂದಿ ‘ಕುರುಕ್ಷೇತ್ರ’ದ ತಾಲೀಮು ನಡೆಸಿದ್ದರು. ಹೆಚ್ಚಿನವರು ತುಮಕೂರು ಕಡೆಯವರು, ಊರ ಹಬ್ಬಕ್ಕೆ ಆಡುವ ನಾಟಕ. ನಮ್ಮಲ್ಲಿ ಪಾತ್ರ ಮಾಡಲು ಜನರನ್ನು ಬೇಡಿಕೊಳ್ಳಬೇಕು, ಅಲ್ಲಿ ಪಾತ್ರಕ್ಕೆ ದುಡ್ಡು ಕಟ್ಟಬೇಕು. ದುರ್ಯೋಧನನಿಗೆ ಜಾಸ್ತಿ, ಸಣ್ಣಪುಟ್ಟ ಪಾತ್ರಗಳಿಗೆ ಕಡಿಮೆ. ಆ ಹಣದಲ್ಲಿ ಮೇಷ್ಟ್ರ ಸಂಭಾವನೆ, ಸೀನರಿ ಬಾಡಿಗೆ, ಡ್ರೆಸ್ಸು, ಲೈಟು, ಸೌಂಡು. ಸೀನರಿಯವರ ಲಾರಿ ಬರುವುದು ನಾಟಕದ ದಿನ ಸಂಜೆ. ಕಿರೀಟ ತಲೆಗೆ ಹತ್ತುವುದು ಅವತ್ತೇ, ಸಿಂಹಾಸನ ಕಾಣುವುದೂ ಅವತ್ತೇ. ಅಲ್ಲಿಯವರೆಗೆ ತಿಂಗಳುಗಟ್ಟಲೆ ಎಲ್ಲವೂ ಬೇರೆ ಯಾವುದೋ ಒಂದು.

ಭೀಮನ ಕೈಯಲ್ಲಿದ್ದದ್ದು ಜಿಐ ಪೈಪು. ತುದಿಗೆ ಯಂತ್ರ ಒರೆಸುವ ಬನಿಯನ್ ವೇಸ್ಟನ್ನು ಉಂಡೆ ಮಾಡಿ ಸುತ್ತಿ ತಂತಿ ಬಿಗಿದಿದ್ದರು. ಭರತ ಹೇಳಿದ ವೇಷ್ಟಿಮ, ಗ್ರೀಸಿನ ವಾಸನೆ ಸಮೇತ. ನಾನು ಜಾಣನಂತೆ ಕೇಳಿದೆ, ‘ಅಣ್ಣಾ, ಬಾಡಿಗೆ ಗದೆ ಫೈಬರ್‌ದು, ಹಗುರ ಇರುತ್ತೆ. ಇಷ್ಟು ಭಾರದ್ದು ಯಾಕೆ ಎತ್ತಾಡ್ತೀರಿ?’ ಅವರು ಬೆವರೊರೆಸಿಕೊಂಡರು. ‘ಅದು ಹಗುರ ಇರುತ್ತೆ ಅಂತಾನೇ ಸ್ವಾಮಿ. ಅವತ್ತು ರಾತ್ರಿ ಕೈಗೆ ಏನೂ ಸಿಗಲ್ಲ, ಗಾಳಿ ಹಿಡ್ಕೊಂಡಂಗೆ ಇರುತ್ತೆ. ಭಾರ ತೋಳಲ್ಲಿ ನೆನಪಿರ್ಬೇಕಲ್ಲ.’ ಪೈಪನ್ನು ನನ್ನ ಕೈಗೆ ಕೊಟ್ಟರು. ಒಂದು ಕೈಯಲ್ಲಿ ಹೆಗಲಿಗೇರಿಸಲು ನನ್ನಿಂದಾಗಲಿಲ್ಲ. ಅವರು ಅದನ್ನು ಮತ್ತೆ ತೆಗೆದುಕೊಂಡು ಕೆಳಗಿಟ್ಟರು, ಬರಿಗೈಯಲ್ಲೇ ಗದೆ ಎತ್ತಿ ಹೆಗಲ ಮೇಲಿಟ್ಟು ಎರಡು ಹೆಜ್ಜೆ ನಡೆದರು. ಬಲ ಹೆಗಲು ತಗ್ಗಿತ್ತು, ಎಡಗಾಲು ಅಗಲಕ್ಕೆ ಬಿದ್ದಿತ್ತು, ಕತ್ತಿನ ನರ ಎದ್ದಿತ್ತು. ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸದೆ, ‘ಸಾಕು, ಪದ ತಗೋ’ ಅಂದರು.

ಅಸಲಿ ವಸ್ತುವೇ ಬೇಕೆಂದರೆ ಅದಕ್ಕೂ ಒಂದು ಹಾದಿಯಿದೆ. ಗುಬ್ಬಿ ಕಂಪನಿಯ ವೀರಣ್ಣನವರು ಇದೇ ‘ಕುರುಕ್ಷೇತ್ರ’ಕ್ಕೆ ಜೀವಂತ ಆನೆ ಕುದುರೆಗಳನ್ನೇ ರಂಗಕ್ಕೆ ಹತ್ತಿಸಿದ್ದರು. ಅಂಥ ಎದೆ ತಮ್ಮ ಬಜೆಟ್ಟಿಗಿದ್ದರೆ ಆನೆ ತರಿಸಿ, ಸರ್ವಿಸ್ ಲಿಫ್ಟಿನಲ್ಲಿ ಬರುತ್ತದೋ ನೋಡೋಣ. ಇಲ್ಲವಾದರೆ ಮುರಿದ ಕುರ್ಚಿ ಬಿಡಿ. ಆನೆಗೂ ಮುರಿದ ಕುರ್ಚಿಗೂ ನಡುವೆ ಇರುವ ಈ ಬಂಗಾರದ ಬಣ್ಣ, ಥರ್ಮೋಕೋಲು, ಎಲ್‌ಇಡಿ ಪಾರಿವಾಳ, ಅದು ನೋಡುವವರ ಕೆಲಸವನ್ನೂ ಮಾಡುವುದಿಲ್ಲ, ಆಡುವವರ ಕೆಲಸವನ್ನೂ ಬಿಡಿಸುತ್ತದೆ.

ಇನ್ನು ಸಕ್ಕರೆ. ಬಹಳ ಗಂಭೀರ ಆರೋಪ, ಆದ್ದರಿಂದ ಸಾವಕಾಶವಾಗಿ ಉತ್ತರಿಸುತ್ತೇನೆ. ಸುಲ್ತಾನ 1330ರ ಆಸುಪಾಸಿನಲ್ಲಿ ತಾಮ್ರ, ಹಿತ್ತಾಳೆಯ ನಾಣ್ಯ ಹೊರಡಿಸಿ ಅದನ್ನು ಬೆಳ್ಳಿಯ ಟಂಕವೆಂದೇ ತೆಗೆದುಕೊಳ್ಳಬೇಕೆಂದು ಅಪ್ಪಣೆ ಮಾಡಿದ. ಮನೆಮನೆಯಲ್ಲಿ ಟಂಕಸಾಲೆ ಶುರುವಾಯಿತು. ಕೊನೆಗೆ ಖಜಾನೆಯಿಂದ ಬೆಳ್ಳಿ ಕೊಟ್ಟು ಖೋಟಾ ನಾಣ್ಯ ವಾಪಸು ತೆಗೆದುಕೊಳ್ಳಬೇಕಾಯಿತು. ನಾಟಕದಲ್ಲಿ ಆ ಖೋಟಾ ನಾಣ್ಯದ ರಾಶಿಯನ್ನು ತಂದು ಸುರಿಯುವುದು ಸುಲ್ತಾನ ಆಸೆಪಟ್ಟು ಬೆಳೆಸಿದ ಗುಲಾಬಿ ತೋಟದಲ್ಲಿ. ನಮಗೆ ನಾಣ್ಯವಾಗಿ ಒದಗಿದ್ದು ಕಾಫಿ ಮೆಷಿನ್ನಿನ ಪಕ್ಕದ ಸಕ್ಕರೆ ಪೊಟ್ಟಣ. ಮುಷ್ಟಿಯಲ್ಲಿ ಅಲುಗಿಸಿದರೆ ಸದ್ದು ಮಾಡುತ್ತದೆ, ಎಸೆದರೆ ಯಾರ ಕಣ್ಣಿಗೂ ಪೆಟ್ಟಾಗುವುದಿಲ್ಲ, ರಾಶಿ ಹಾಕಿದರೆ ರಾಶಿಯಂತೆ ಕಾಣುತ್ತದೆ. ಕೆಲವು ದಿನ ಕಳೆದ ಮೇಲೆ ನಮ್ಮ ಖಜಾನೆಯಲ್ಲಿ ಫುಡ್ ಕೋರ್ಟಿನ ಕಾಫಿ ಅಂಗಡಿಯ ಹೆಸರಿದ್ದ ಪೊಟ್ಟಣಗಳು ಕಾಣಿಸಿಕೊಂಡವು. ವಿಚಾರಿಸಿದರೆ ಅಜೀಜ್. ನಾಟಕದಲ್ಲಿ ಖೋಟಾ ನಾಣ್ಯ ಟಂಕಿಸುವವನೂ ಅವನೇ. ಅವನಿಗೆ ಬೈಯುವುದೋ, ಪಾತ್ರದೊಳಗೆ ಹೊಕ್ಕನೆಂದು ಬೆನ್ನು ತಟ್ಟುವುದೋ ತಿಳಿಯದೆ ಎರಡನ್ನೂ ಮಾಡಿದೆ. ಗುಲಾಬಿ ತೋಟಕ್ಕೆ ಇರುವೆ ಮುತ್ತಿದ್ದು ನಿಜ. ಪೆಸ್ಟ್ ಕಂಟ್ರೋಲಿನ ಬಿಲ್ಲನ್ನು ದಯವಿಟ್ಟು ಸುಲ್ತಾನರ ಖಾತೆಗೆ ಹಾಕಿ.

ಒಂದು ಮಾತು ಮಾತ್ರ ಗಮನಿಸಬೇಕು. ಸುಲ್ತಾನನ ಅಪ್ಪಣೆ ಇದ್ದೂ ತಾಮ್ರ ಬೆಳ್ಳಿಯಾಗಲಿಲ್ಲ. ನಮ್ಮಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಸಕ್ಕರೆ ತಾಮ್ರವಾಯಿತು. ನಾಣ್ಯ ಬಿದ್ದ ಕಡೆ ಯಾರೂ ಕಾಲಿಡುತ್ತಿರಲಿಲ್ಲ, ಬಗ್ಗಿ ಆರಿಸಿಕೊಂಡು ಹೋಗುತ್ತಿದ್ದರು. ಹೌಸ್‌ಕೀಪಿಂಗ್‌ನ ಅಕ್ಕನನ್ನೇ ಕೇಳಿ ನೋಡಿ, ಅತ್ತಿಬೆಲೆ ಕಡೆಯವರು, ಸಂಜೆ ಪಾಳಿ. ನಾವು ನೆಲಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ ಕೋಟೆಯ ನಕ್ಷೆ ಹಾಕಿದ ಮೊದಲ ಸಂಜೆ ಅವರು ಮಾಪ್ ಬಕೆಟ್ ಹಿಡಿದು ಬಂದು ಟೇಪಿನ ಹೊರಗೆ ನಿಂತರು. ‘ಸಾರ್, ಈ ಕಡೆ ಬಾಗ್ಲಾ, ಗೋಡೆನಾ?’ ಎಂದು ಕೇಳಿದರು. ಗೋಡೆ, ಅಕ್ಕಾ, ಬಾಗಿಲು ಆ ಕಡೆ ಅಂದೆ. ಸುತ್ತು ಹಾಕಿಕೊಂಡು ಬಂದು ಬಾಗಿಲಿನಿಂದಲೇ ಒಳಗೆ ಬಂದು ದೌಲತಾಬಾದನ್ನು ಒರೆಸಿ, ಬಾಗಿಲಿನಿಂದಲೇ ಹೊರಗೆ ಹೋದರು. ಮರುದಿನ ಆ ಟೇಪನ್ನು ಕಿತ್ತು ಹಾಕಿದ್ದು ತಮ್ಮ ವಿಭಾಗದ ಮೇಲ್ವಿಚಾರಕರು, ‘ಫ್ಲೋರಿಂಗ್ ಹಾಳಾಗುತ್ತದೆ’ ಎಂದು. ಅವರು ಗೋಡೆಯ ಮೂಲಕವೇ ನಡೆದುಕೊಂಡು ಬಂದರು.

ರಟ್ಟಿನ ಪೆಟ್ಟಿಗೆಗಳು ನಾವು ಕದ್ದವಲ್ಲ, ತಾವೇ ಕೊಟ್ಟವು. ಕಚೇರಿ ಸ್ಥಳಾಂತರಕ್ಕೆಂದು ಪ್ಯಾಕರ್ಸ್‌ನವರು ತಲೆಗೊಂದರಂತೆ ಹಂಚಿದ್ದಾರೆ. ಹೆಸರು, ಉದ್ಯೋಗಿ ಸಂಖ್ಯೆ, ಹೊಸ ಕಟ್ಟಡದ ಮಹಡಿ ಬರೆದ ಚೀಟಿ ಅದರ ಮೇಲಿದೆ. ದಿಲ್ಲಿಯ ಜನ ದೌಲತಾಬಾದಿನ ದಾರಿಯಲ್ಲಿ ಬೀಡುಬಿಟ್ಟ ದೃಶ್ಯಕ್ಕೆ ಗಂಟುಮೂಟೆ ಬೇಕಿತ್ತು, ಎಲ್ಲರೂ ತಂತಮ್ಮ ಪೆಟ್ಟಿಗೆ ಹಿಡಿದುಕೊಂಡು ಬಂದರು. ನಮ್ಮ ಅಕೌಂಟ್ಸ್‌ನ ಹಿರಿಯರೊಬ್ಬರು ಗುಂಪಿನಲ್ಲಿ ಒಬ್ಬರು, ಮಾತಿಲ್ಲದ ಪಾತ್ರ. ಪೆಟ್ಟಿಗೆ ಕೆಳಗಿಟ್ಟು ಅದರ ಮೇಲೆ ಕೂರುವಂತೆ ಹೇಳಿದ್ದೆ. ಕೂರಲಿಲ್ಲ. ಒಳಗೆ ಗಾಜಿನದು ಇದೆ ಅಂದರು. ತೆಗೆದು ತೋರಿಸಿದರು, ಹಳೆ ಕಾಫಿ ಲೋಟ, ಮಗಳು ಶಾಲೆಯಲ್ಲಿ ಬಣ್ಣ ಬಳಿದ ಪೆನ್ ಸ್ಟ್ಯಾಂಡು, ಮೇಜಿನ ಮೇಲಿಡುವ ಪುಟ್ಟ ಗಣಪತಿ. ಅವರ ಮನೆ ಚಂದಾಪುರದಲ್ಲಿ. ಮಗಳು ಅಲ್ಲೇ ಹೈಸ್ಕೂಲು. ವೈಟ್‌ಫೀಲ್ಡಿನ ಲೆಕ್ಕ ಇನ್ನೂ ಕೂಡಿಬಂದಿಲ್ಲ, ಬಹುಶಃ ಕೂಡಿಬರುವುದೂ ಇಲ್ಲ. ಆ ದೃಶ್ಯದಲ್ಲಿ ಅವರಿಗೆ ನಾನು ಏನನ್ನೂ ಹೇಳಿಕೊಟ್ಟಿಲ್ಲ. ಪೆಟ್ಟಿಗೆಯ ಪಕ್ಕದಲ್ಲಿ ನೆಲದ ಮೇಲೆ ಕೂರುತ್ತಾರೆ, ಕೈ ಅದರ ಮೇಲಿರುತ್ತದೆ. ಈವೆಂಟಿನವರು ‘ರಾಯಲ್ ಟ್ರಂಕ್’ ಎಂದು ಬಾಡಿಗೆ ಪಟ್ಟಿಯಲ್ಲಿ ತೋರಿಸಿದ ಹಿತ್ತಾಳೆ ಕಟ್ಟಿನ ಪೆಟ್ಟಿಗೆ ಬಹಳ ಚೆನ್ನಾಗಿದೆ. ಅದರೊಳಗೆ ಏನೂ ಇಲ್ಲ.

ಹೊಸ ರಾಜಧಾನಿಯ ಬಗ್ಗೆ ನಮಗೆ ಬರಿಯ ಕಹಿಯಿಲ್ಲ. ವೈಟ್‌ಫೀಲ್ಡಿಗೆ ಹತ್ತಿರ ರಾಮಗೊಂಡನಹಳ್ಳಿಯಲ್ಲಿ 2011ರಿಂದ ‘ಜಾಗೃತಿ’ ರಂಗಮಂದಿರವಿದೆ, ಕಚೇರಿ ಬಿಟ್ಟ ಮೇಲೆ ನಾಟಕ ನೋಡಲು ಜೆ.ಪಿ. ನಗರದ ರಂಗಶಂಕರಕ್ಕೇ ಓಡಬೇಕಾಗಿಲ್ಲ. ಸುಲ್ತಾನ ದೌಲತಾಬಾದಿನಲ್ಲಿ ಇಷ್ಟಾದರೂ ಅನುಕೂಲ ಮಾಡಿಕೊಟ್ಟಿದ್ದನೋ ಇಲ್ಲವೋ.

ಆದ್ದರಿಂದ ತಮ್ಮಲ್ಲಿ ವಿನಂತಿ ಇಷ್ಟು. ಸಿಂಹಾಸನದ ಬಾಡಿಗೆ ಆದೇಶ ರದ್ದು ಮಾಡುವುದು. ತಾಜ್ ಮಹಲನ್ನು ಶಹಜಹಾನನಿಗೆ ಹಿಂತಿರುಗಿಸುವುದು. ನಾಟಕ ಮುಗಿಯುವವರೆಗೆ ಮೂರನೇ ಮಹಡಿಯ ಕುರ್ಚಿಯ ಲಿವರನ್ನು ಯಾವ ಕಾರಣಕ್ಕೂ ರಿಪೇರಿ ಮಾಡಿಸದಿರುವುದು. ಉಳಿದ ಹಣದಲ್ಲಿ ನಾಲ್ಕು ಸುರುಳಿ ಮಾಸ್ಕಿಂಗ್ ಟೇಪ್, ಫ್ಲೋರಿಂಗ್ ಹಾಳಾಗದ ಜಾತಿಯದು, ಮಂಜೂರು ಮಾಡುವುದು. ಕಂಪನಿಯ ನಿಯಮದಂತೆ ಪ್ರತಿ ವಸ್ತುವಿಗೂ ಅದರ ಬಳಕೆಯನ್ನು ನಮೂದಿಸಬೇಕಾದ್ದರಿಂದ ರಿಜಿಸ್ಟರಿನಲ್ಲಿ ಇನ್ನೊಂದು ಕಾಲಂ ಸೇರಿಸಿದರೆ ನಾವೇ ತುಂಬಿಕೊಡುತ್ತೇವೆ: ನೀರಿನ ಕ್ಯಾನು, ಡಂಗುರದವನ ನಗಾರಿ, ವೈಟ್‌ಬೋರ್ಡ್, ಕೋಟೆ. ಬೋರ್ಡಿನ ಮೇಲೆ ಕಳೆದ ತಿಂಗಳ ‘ಬಾಕಿ ಕೆಲಸ’ದ ಪಟ್ಟಿ ಹಾಗೇ ಇದೆ, ಅಳಿಸಬೇಡಿ. ಮುತ್ತಿಗೆಗೆ ಸಿಕ್ಕ ಕೋಟೆಯ ಗೋಡೆಗೆ ಒಪ್ಪುತ್ತದೆ.

ಕೊನೆಯದಾಗಿ ಒಂದು ಖಾಸಗಿ ಕೋರಿಕೆ. ಕೋಟೆಯ ದೃಶ್ಯದ ಇಬ್ಬರು ಕಾವಲುಗಾರರಲ್ಲಿ ಮುದುಕನ ಪಾತ್ರ ಮಾಡುತ್ತಿದ್ದವರನ್ನು ಅಮೆರಿಕ ಪಾಳಿಗೆ ಹಾಕಿದ್ದಾರೆ, ಪಾತ್ರ ಖಾಲಿ ಬಿದ್ದಿದೆ. ತಾಲೀಮಿನ ಹೊತ್ತಿನಲ್ಲಿ ತಾವು ಕೆಫೆಟೇರಿಯಾದ ಗಾಜಿನ ಬಾಗಿಲಾಚೆ ಕೈಕಟ್ಟಿ ನಿಂತು ಒಳಗೆ ಏನೇನು ಹೋಯಿತು, ಏನೇನು ಬಂತೆಂದು ನೋಡುವುದನ್ನು ನಾವೆಲ್ಲ ಕಂಡಿದ್ದೇವೆ. ಆ ನಿಲುವಿಗೆ ಯಾವ ತಿದ್ದುಪಡಿಯೂ ಬೇಕಿಲ್ಲ. ಪೀಣ್ಯದಲ್ಲಾದರೆ ಪಾತ್ರಕ್ಕೆ ದುಡ್ಡು ಕಟ್ಟಬೇಕಿತ್ತು, ನಮ್ಮಲ್ಲಿ ಪುಕ್ಕಟೆ. ಗುರುವಾರ ಏಳಕ್ಕೆ ಬನ್ನಿ. ಈಟಿ ತಯಾರಾಗಿದೆ: ತಮ್ಮ ವಿಭಾಗದ್ದೇ ಕಿಟಕಿ ಒರೆಸುವ ಉದ್ದನೆಯ ಕೋಲು. ಟ್ಯಾಗ್ ಕಿತ್ತಿಲ್ಲ, ಪ್ರೇಕ್ಷಕರಿಗೆ ಕಾಣದ ಕಡೆಗೆ ತಿರುಗಿಸಿ ಹಿಡಿದುಕೊಂಡರಾಯಿತು.

ಇಂತಿ ತಮ್ಮ ವಿಧೇಯ,
ಟೆಸ್ಟಿಂಗ್ ವಿಭಾಗ, ಸಂಜೆ ಏಳರವರೆಗೆ;
ಆಮೇಲೆ ನಾಟಕ ತಂಡದ ನಿರ್ದೇಶಕ